ಒಂದು ಕಥೆ, ಎರಡು ಕೊನೆ

ಮಡಿಕೇರಿಯಿಂದ ಬೆಂಗಳೂರಿಗೆ ಹೋಗುವವರಿಗೆ ರಾಮನಗರದ ಬಂಡೆಗಳ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಕಾಫಿಯ ನೆರಳಿನಲ್ಲೂ ಮಳೆಯ ಮಂಜಿನಲ್ಲೂ ಬೆಳೆದ ನಮ್ಮ ಕಣ್ಣಿಗೆ ಆ ಬೋಳು ಗುಡ್ಡಗಳು ಬೇರೊಂದು ಲೋಕಕ್ಕೆ ಸೇರಿದುವೆಂದೇ ತೋರುತ್ತದೆ. ೨೦೨೩ರಲ್ಲಿ ತೆರೆದ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ, ನಿಜ; ಬಂಡೆಗಳ ಕಣ್ಣು ತಪ್ಪಿಸಿ ಹೋಗಲು ಅದಕ್ಕೂ ಸಾಧ್ಯವಾಗಿಲ್ಲ. ಟಿಪ್ಪುವಿನ ಪತನಾನಂತರ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರು ಹೊತ್ತು ಬಹುಕಾಲ ಕ್ಲೋಸ್‌ಪೇಟೆಯಾಗಿದ್ದ ಈ ಊರು ನಮ್ಮವರಿಗೆ ರೇಷ್ಮೆಗೂಡಿನ ಮಾರುಕಟ್ಟೆ. ಉಳಿದ ಭಾರತಕ್ಕೆ ಮಾತ್ರ ಅದು ಗಬ್ಬರ್ ಸಿಂಗನ ಊರು.

‘ಶೋಲೇ’ ಚಿತ್ರದ ಚಿತ್ರೀಕರಣ ಅಲ್ಲಿ ಆರಂಭವಾದದ್ದು ೧೯೭೩ರ ಅಕ್ಟೋಬರಿನಲ್ಲಿ. ರಾಮದೇವರ ಬೆಟ್ಟದ ತಪ್ಪಲಲ್ಲಿ ಕಲಾನಿರ್ದೇಶಕ ರಾಮ್ ಯೇಡೇಕರ್ ಅವರು ಒಂದು ಹಳ್ಳಿಯನ್ನೇ ಕಟ್ಟಿಸಿದರು. ಹೆದ್ದಾರಿಯಿಂದ ಅಲ್ಲಿಗೆ ರಸ್ತೆ ಹಾಕಿಸಬೇಕಾಯಿತು. ಆ ಹಳ್ಳಿಗೆ ರಾಮಗಡವೆಂದು ಹೆಸರು. ಮೈಸೂರು ರಸ್ತೆಯ ಮಗ್ಗುಲಲ್ಲೇ ಇದ್ದರೂ ರಾಮಗಡದಲ್ಲಿ ಒಬ್ಬನಿಗೂ ಕನ್ನಡ ಬಾರದು! ಇರಲಿ, ಚಂಬಲ್ ಕಣಿವೆಯ ಡಕಾಯಿತನೊಬ್ಬನ ಹೆಸರನ್ನು ಎರವಲು ತಂದು, ಅಮೆರಿಕದ ಪಡುವಣ ಬಯಲಿನ ಕಥೆಯ ಹಂದರದಲ್ಲಿಟ್ಟು, ಕರ್ನಾಟಕದ ಕಲ್ಲಿನ ಮೇಲೆ ನಿಲ್ಲಿಸಿದ ಚಿತ್ರದಲ್ಲಿ ಇಂಥ ಲೆಕ್ಕ ಕೇಳುವುದು ತರವಲ್ಲ.

ಅಮೆರಿಕದವರು ‘ವೆಸ್ಟರ್ನ್’ ಎಂದು ಕರೆಯುವ ಚಿತ್ರಗಳ ಸ್ವರೂಪವನ್ನು ಓದುಗರು ಬಲ್ಲರು. ಕುದುರೆ, ಪಿಸ್ತೂಲು, ಧೂಳು, ಕಾನೂನು ಇನ್ನೂ ಬಂದು ಮುಟ್ಟದ ಒಂದು ಊರು, ಅಲ್ಲೊಬ್ಬ ಷೆರಿಫ್. ಒಳ್ಳೆಯವನು ಯಾರು, ಕೆಟ್ಟವನು ಯಾರು ಎಂಬುದು ಟೋಪಿಯ ಬಣ್ಣದಿಂದಲೇ ತಿಳಿಯುತ್ತಿದ್ದ ಕಾಲವೊಂದಿತ್ತು. ೧೯೬೦ರ ದಶಕದ ಕೊನೆಗೆ ಆ ನಂಬಿಕೆ ಸಡಿಲವಾಯಿತು. ವಿಯೆಟ್ನಾಮಿನ ಯುದ್ಧವನ್ನು ಮನೆಯ ಟೆಲಿವಿಷನ್ನಿನಲ್ಲಿ ನೋಡುತ್ತಿದ್ದ ಜನಕ್ಕೆ ತಮ್ಮ ಪೂರ್ವಿಕರ ಶೌರ್ಯಗಾಥೆಗಳ ಮೇಲೂ ಅನುಮಾನ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ‘ಲಿಟ್ಲ್ ಬಿಗ್ ಮ್ಯಾನ್’ (೧೯೭೦) ಚಿತ್ರದಲ್ಲಿ ಮೂಲನಿವಾಸಿಗಳ ಹಟ್ಟಿಯನ್ನು ಕೊಚ್ಚಿಹಾಕುವವರು ಸರ್ಕಾರದ ಸೈನಿಕರು. ಸ್ಯಾಮ್ ಪೆಕಿನ್‌ಪಾ ನಿರ್ದೇಶಿಸಿದ ‘ಪ್ಯಾಟ್ ಗ್ಯಾರೆಟ್ ಅಂಡ್ ಬಿಲ್ಲಿ ದ ಕಿಡ್’ (೧೯೭೩) ಚಿತ್ರದಲ್ಲಿ, ಒಂದು ಕಾಲಕ್ಕೆ ಕಳ್ಳನ ಗೆಳೆಯನಾಗಿದ್ದವನೇ ಷೆರಿಫ್ ಆಗಿ, ಹಣವಂತರ ಅನುಕೂಲಕ್ಕಾಗಿ ಆ ಗೆಳೆಯನನ್ನು ಕೊಲ್ಲುತ್ತಾನೆ. ಇದು ಕಟ್ಟುಕಥೆಯಲ್ಲ, ಗ್ಯಾರೆಟ್ ೧೮೮೧ರ ಜುಲೈಯಲ್ಲಿ ಬಿಲ್ಲಿಯನ್ನು ನಿಜವಾಗಿಯೇ ಕೊಂದಿದ್ದನು.

ಈ ಚಿತ್ರದ ಪಾಡು ಕಥೆಗಿಂತಲೂ ಸ್ವಾರಸ್ಯವಾದದ್ದು. ನಿರ್ಮಾಪಕ ಸಂಸ್ಥೆಯವರು ನಿರ್ದೇಶಕನ ಮಾತಿಗೆ ಬೆಲೆ ಕೊಡದೆ ಕತ್ತರಿ ಆಡಿಸಿ ಬಿಡುಗಡೆ ಮಾಡಿದರು. ಪೆಕಿನ್‌ಪಾ ೧೯೮೪ರಲ್ಲಿ ತೀರಿಕೊಂಡನು. ಮೊದಲಿನ ಉದ್ದನೆಯ ಪ್ರತಿ ಜನರ ಕಣ್ಣಿಗೆ ಬಿದ್ದದ್ದು ೧೯೮೮ರಲ್ಲಿ. ಆಮೇಲೆ ಮತ್ತೊಂದು ಪಾಠ ಸಿದ್ಧವಾಯಿತು. ೨೦೨೪ರಲ್ಲಿ ಎಲ್ಲವನ್ನೂ ಒಟ್ಟಿಗೆ ಸೇರಿಸಿ, ಮನೆಯಲ್ಲಿ ಕುಳಿತು ನೋಡುವ ಡಿಸ್ಕುಗಳ ಒಂದು ಪೆಟ್ಟಿಗೆಯನ್ನು ಹೊರತಂದರು. ಒಂದೇ ಕಥೆಯ ಹಲವು ಪಾಠಗಳು ಒಂದೇ ಪೆಟ್ಟಿಗೆಯಲ್ಲಿ! ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದನ್ನು ಕೇಳಿದೊಡನೆ ನೆನಪಾದದ್ದು ಓಲೆಗರಿಯ ಕಟ್ಟುಗಳು.

‘ಶೋಲೇ’ಗೂ ಇಂಥದೇ ಗತಿಯಾಗಿತ್ತು. ಕುರೊಸಾವನ ‘ಸೆವೆನ್ ಸಮುರಾಯ್’ (೧೯೫೪), ಅದರಿಂದ ಹುಟ್ಟಿದ ‘ದ ಮ್ಯಾಗ್ನಿಫಿಸೆಂಟ್ ಸೆವೆನ್’ (೧೯೬೦), ಒಂದು ಸಂಸಾರವನ್ನೇ ಗುಂಡಿಟ್ಟು ಕೊಲ್ಲುವ ದೃಶ್ಯಕ್ಕೆ ಲಿಯೋನೆಯ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ (೧೯೬೮), ಹೀಗೆ ಹಲವು ಕಡೆಯ ನೀರು ಸಲೀಂ–ಜಾವೇದ್ ಜೋಡಿಯ ಬರವಣಿಗೆಯಲ್ಲಿ ಕೂಡಿದೆ. ಮಾಜಿ ಪೊಲೀಸ್ ಅಧಿಕಾರಿ ಠಾಕೂರ್ ಬಲದೇವ್ ಸಿಂಗನ ಎರಡು ಕೈಗಳನ್ನೂ ಗಬ್ಬರ್ ಕಡಿದಿದ್ದಾನೆ. ಅವನನ್ನು ಹಿಡಿದು ತರಲು ಠಾಕೂರನು ನೇಮಿಸುವುದು ಇಬ್ಬರು ಕಳ್ಳರನ್ನು. ಕಾನೂನಿನ ಮನುಷ್ಯನಿಗೆ ಕಾನೂನಿನಲ್ಲಿ ನಂಬಿಕೆ ಉಳಿದಿಲ್ಲವೆಂಬುದು ಇಲ್ಲಿಯೇ ಸ್ಪಷ್ಟವಾಗುತ್ತದೆ. ನಿರ್ದೇಶಕ ರಮೇಶ್ ಸಿಪ್ಪಿಯವರು ಚಿತ್ರೀಕರಿಸಿದ್ದ ಕೊನೆಯೂ ಅದಕ್ಕೆ ತಕ್ಕುದೇ ಆಗಿತ್ತು: ಆಳು ರಾಮಲಾಲನು ಮೊಳೆ ಜಡಿದು ಕೊಟ್ಟ ಬೂಟುಗಳನ್ನು ಮೆಟ್ಟಿದ ಠಾಕೂರನು ಗಬ್ಬರನನ್ನು ತುಳಿದು ಕೊಲ್ಲುತ್ತಾನೆ, ಕೊಂದ ಮೇಲೆ ಬಿಕ್ಕಿ ಬಿಕ್ಕಿ ಅಳುತ್ತಾನೆ.

೧೯೭೫ರ ಜೂನ್ ೨೫ರಂದು ದೇಶದಲ್ಲಿ ತುರ್ತುಪರಿಸ್ಥಿತಿ ಬಂತು. ಚಿತ್ರದ ಬಿಡುಗಡೆ ಆಗಸ್ಟ್ ೧೫ಕ್ಕೆ ನಿಶ್ಚಯವಾಗಿತ್ತು. ಪೊಲೀಸ್ ಅಧಿಕಾರಿಯಾಗಿದ್ದವನು ಕಾನೂನನ್ನು ತಾನೇ ಕೈಗೆತ್ತಿಕೊಳ್ಳುವುದನ್ನು ತೋರಿಸಕೂಡದೆಂದು ಸೆನ್ಸಾರಿನವರು ಪಟ್ಟು ಹಿಡಿದರು. (ಕೈಯೇ ಇಲ್ಲದವನು ಕೈಗೆತ್ತಿಕೊಳ್ಳುವುದೆಂತು ಎಂದು ಯಾರೂ ಕೇಳಿದಂತಿಲ್ಲ.) ರಷ್ಯದಲ್ಲಿದ್ದ ಸಂಜೀವ್ ಕುಮಾರರನ್ನು ಕರೆಸಿಕೊಂಡು, ಮತ್ತೆ ರಾಮನಗರಕ್ಕೆ ಹೋಗಿ, ಹೊಸ ಕೊನೆಯೊಂದನ್ನು ತರಾತುರಿಯಲ್ಲಿ ಚಿತ್ರೀಕರಿಸಲಾಯಿತು. ಅದರಲ್ಲಿ ಸರಿಯಾದ ಹೊತ್ತಿಗೆ ಪೊಲೀಸರು ಬರುತ್ತಾರೆ, ಕಾನೂನಿನ ಮೇಲೆ ನಾಲ್ಕು ಮಾತು ಆಡುತ್ತಾರೆ, ಠಾಕೂರನು ಕಾಲು ಹಿಂದೆಗೆಯುತ್ತಾನೆ. ಇಷ್ಟು ಹೊತ್ತೂ ಆ ಪೊಲೀಸರು ಎಲ್ಲಿದ್ದರು? ಕೇಳಬಾರದು. ಕಾನೂನು ಸ್ವತಃ ಮೂಲೆ ಸೇರಿದ್ದ ತಿಂಗಳುಗಳಲ್ಲಿ ತೆರೆಯ ಮೇಲಿನ ಕಾನೂನು ಇಷ್ಟು ಅಚ್ಚುಕಟ್ಟಾಗಿ ನಡೆಯಬೇಕಾಯಿತು.

ಮುಂಬಯಿಯ ಮಿನರ್ವ ಚಿತ್ರಮಂದಿರದಲ್ಲಿ ಐದು ವರ್ಷಕ್ಕೂ ಮೇಲ್ಪಟ್ಟು ಓಡಿದ್ದು ಈ ತಿದ್ದಿದ ಪಾಠ. ಹಳೆಯ ಕೊನೆ ಸತ್ತಿರಲಿಲ್ಲ. ವೀಡಿಯೋ ಟೇಪುಗಳಲ್ಲಿಯೂ ಮುಂದೆ ಡಿಸ್ಕುಗಳಲ್ಲಿಯೂ ಮಾಸಲು ಮಾಸಲಾಗಿ ಮನೆಯಿಂದ ಮನೆಗೆ ಹೋಗುತ್ತಿತ್ತು. ನಾನು ಮೊದಲು ಕಂಡದ್ದೂ ಹಾಗೆಯೇ, ಮಳೆ ಹಿಡಿದ ಒಂದು ಆಷಾಢದ ರಾತ್ರಿ, ಬಣ್ಣವೆಲ್ಲ ಸೋರಿಹೋದ ಒಂದು ಟೇಪಿನಲ್ಲಿ.

ಜೀರ್ಣೋದ್ಧಾರದ ಕೆಲಸಕ್ಕೆ ಕೈಹಾಕಿದವರು ಶಿವೇಂದ್ರ ಸಿಂಗ್ ಡುಂಗರಪುರ್ ಅವರ ಫಿಲ್ಮ್ ಹೆರಿಟೇಜ್ ಫೌಂಡೇಷನ್ನಿನವರು, ಸಿಪ್ಪಿ ಮನೆತನದವರ ಜತೆಗೂಡಿ. ಮೂಲ ನೆಗೆಟಿವ್ ಬಳಸಲಾಗದಷ್ಟು ಕೆಟ್ಟುಹೋಗಿತ್ತು. ೭೦ ಮಿಲಿಮೀಟರಿನ ಪ್ರತಿ ಒಂದಾದರೂ ಉಳಿದಿರಲಿಲ್ಲ. ಲಂಡನ್ನಿನ ಉಗ್ರಾಣವೊಂದರಲ್ಲಿ ಸಿಕ್ಕ ನಡುಪ್ರತಿಗಳು, ೧೯೭೮ರಲ್ಲಿ ತೆಗೆಸಿಟ್ಟಿದ್ದ ಇನ್ನೊಂದು ಪ್ರತಿ, ಇವನ್ನು ಇಟ್ಟುಕೊಂಡು ಇಟಲಿಯ ಬೊಲೊನ್ಯ ನಗರದ ಪ್ರಯೋಗಶಾಲೆಯಲ್ಲಿ ಚೌಕಟ್ಟು ಚೌಕಟ್ಟಾಗಿ ಹೊಂದಿಸುತ್ತ ಬಂದರು. ಸುಮಾರು ಮೂರು ವರ್ಷ ಹಿಡಿಯಿತು. ೨೦೨೫ರ ಜೂನ್ ೨೭ರಂದು ಅದೇ ಬೊಲೊನ್ಯದ ದೊಡ್ಡ ಚೌಕದಲ್ಲಿ, ತೆರೆದ ಆಕಾಶದ ಕೆಳಗೆ, ಐವತ್ತು ವರ್ಷಗಳ ಹಿಂದಿನ ಕೊನೆ ಪೂರ್ಣವರ್ಣದಲ್ಲಿ ತೆರೆಯ ಮೇಲೆ ಬಂತು. ಆ ವರ್ಷ ಡಿಸೆಂಬರ್ ೧೨ರಂದು ನಮ್ಮ ದೇಶದ ಚಿತ್ರಮಂದಿರಗಳಿಗೂ ಬಂತು. ವೀರುವಿನ ಪಾತ್ರ ವಹಿಸಿದ್ದ ಧರ್ಮೇಂದ್ರರು ಅದಕ್ಕೆ ಕೆಲವೇ ದಿನ ಮುಂಚೆ, ನವೆಂಬರ್ ೨೪ರಂದು, ತೀರಿಕೊಂಡಿದ್ದರು.

ಇದೆಲ್ಲ ಗ್ರಂಥಸಂಪಾದನೆಯ ಕೆಲಸವೇ ಸರಿ. ಪಂಪಭಾರತವನ್ನು ರೈಸರು ೧೮೯೮ರಲ್ಲಿ ಅಚ್ಚು ಹಾಕಿಸಿದರು. ೧೯೩೧ರಲ್ಲಿ ಸಾಹಿತ್ಯ ಪರಿಷತ್ತಿನಿಂದ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತೆ ಪರಿಷ್ಕರಿಸಿದರು. ಗೆದ್ದಲು ತಿಂದ ಗರಿ, ಲಿಪಿಕಾರನ ಕೈತಪ್ಪು, ಪಾಠಾಂತರ, ಇವುಗಳೊಡನೆ ಗುದ್ದಾಡಿದವರಿಗೆ ಬೊಲೊನ್ಯದ ಕಷ್ಟ ಅರ್ಥವಾಗುತ್ತದೆ. ಒಂದು ವ್ಯತ್ಯಾಸವುಂಟು. ಲಿಪಿಕಾರನು ಮರೆವಿನಿಂದ ತಪ್ಪುತ್ತಾನೆ. ಇಲ್ಲಿ ತಿದ್ದಿಸಿದ್ದು ಸರ್ಕಾರ, ಬುದ್ಧಿಪೂರ್ವಕವಾಗಿ.

ಸರ್ಕಾರ ತಿದ್ದಿದ ಕೊನೆಯೆಂದ ಮೇಲೆ ಕೊಡಗಿನವನಾದ ನಾನು ೧೮೩೭ನೆಯ ಇಸವಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

೧೮೩೪ರ ಏಪ್ರಿಲಿನಲ್ಲಿ ಕಂಪನಿಯ ಸೇನೆ ಮಡಿಕೇರಿಯನ್ನು ಹಿಡಿಯಿತು. ಮೇ ೭ರ ಘೋಷಣೆಯಿಂದ ಹಾಲೇರಿ ವಂಶದ ಆಳ್ವಿಕೆ ಮುಗಿಯಿತು. ಚಿಕವೀರರಾಜೇಂದ್ರನನ್ನು ಕಾಶಿಗೆ ಕಳಿಸಿದರು. ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಸೀಮೆಗಳು ಕೊಡಗಿನಿಂದ ಬೇರ್ಪಟ್ಟು ಕೆನರಾ ಜಿಲ್ಲೆಗೆ ಸೇರಿದುವು. ಬೆಳೆಯ ರೂಪದಲ್ಲಿ ಕಂದಾಯ ಸಲ್ಲಿಸಿ ಅಭ್ಯಾಸವಾಗಿದ್ದ ಅಲ್ಲಿನ ರೈತ ಇನ್ನುಮುಂದೆ ನಗದು ಎಣಿಸಬೇಕಾಯಿತು. ಕಲ್ಯಾಣಸ್ವಾಮಿಯೆಂಬ ರಾಜವಂಶದ ಹೆಸರನ್ನು ಹೊತ್ತು ಪುಟ್ಟಬಸಪ್ಪನೆಂಬ ರೈತ ಮುಂದೆ ನಿಂತನು. ಕೆದಂಬಾಡಿ ರಾಮಯ್ಯಗೌಡರು, ಗುಡ್ಡೆಮನೆ ಅಪ್ಪಯ್ಯಗೌಡರು, ನಂದಾವರದ ಬಂಗರಸರು ಜತೆಗಿದ್ದರು. ಬೆಳ್ಳಾರೆಯ ಖಜಾನೆ ಅವರ ವಶವಾಯಿತು. ೧೮೩೭ರ ಏಪ್ರಿಲಿನಲ್ಲಿ ಮಂಗಳೂರೇ ಅವರ ಕೈಸೇರಿ, ಬಾವುಟಗುಡ್ಡೆಯಲ್ಲಿ ಹಾಲೇರಿಯ ಧ್ವಜ ಹಾರಿತು. ಸುಮಾರು ಎರಡು ವಾರ, ಅಷ್ಟೆ. ಕಣ್ಣಾನೂರಿನಿಂದ ಪಡೆ ಬಂದಿಳಿಯಿತು. ಅಕ್ಟೋಬರ್ ೩೧ರಂದು ಅಪ್ಪಯ್ಯಗೌಡರನ್ನು ಮಡಿಕೇರಿಯ ಕೋಟೆಯ ಬಳಿ ಬಹಿರಂಗವಾಗಿ ಗಲ್ಲಿಗೇರಿಸಿದರು.

ಈ ಘಟನೆಗೆ ಜನರ ಬಾಯಲ್ಲಿ ಉಳಿದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕನೆಂದರೆ ಕಳ್ಳ, ಸುಲಿಗೆಗಾರ, ಕಾಟಕಾಯಿಯೆಂದರೆ ಕೊಳ್ಳೆ. ಗಬ್ಬರನ ಕಸುಬಿಗೆ ಇದಕ್ಕಿಂತ ಸರಿಯಾದ ಕನ್ನಡ ಪದವಿಲ್ಲ! ಅದೇ ಪದ ಒಂದು ರೈತದಂಗೆಯ ನೆತ್ತಿಗೆ ಅಂಟಿಕೊಂಡು ಬಂತು. ಅತ್ತ ಕಂಪನಿಯ ಕಡೆ ನಿಂತವರಿಗೆ ಚಿನ್ನದ, ಬೆಳ್ಳಿಯ ಪದಕಗಳು ದೊರೆತುವು. ಆ ಪದಕದ ಒಂದು ಮೈಯಲ್ಲಿ ಇಂಗ್ಲಿಷ್ ಬರಹ, ಇನ್ನೊಂದರಲ್ಲಿ ಕನ್ನಡ. ಆಯುಧ ಹಿಡಿದ ಕೊಡಗಿನ ವೀರನ ಚಿತ್ರ. ಗೆದ್ದವರು ತಮ್ಮ ಕೊನೆಯನ್ನು ನಮ್ಮ ಲಿಪಿಯಲ್ಲೇ ಬರೆಸಿಕೊಟ್ಟರೆಂದಾಯಿತು. ೧೮೬೧ರಲ್ಲಿ ಮಾರ್ಕ್ ಕಬ್ಬನ್ ಕೊಡಗರನ್ನು ಆಯುಧ ಕಾಯಿದೆಯ ಕಟ್ಟಿನಿಂದ ಹೊರಗಿಟ್ಟದ್ದಕ್ಕೂ ಹೇಳಿದ ಕಾರಣ ರಾಜನಿಷ್ಠೆಯೇ. ೨೦೧೯ರಲ್ಲಿ ಕೇಂದ್ರ ಸರ್ಕಾರ ಆ ವಿನಾಯಿತಿಯನ್ನು ೨೦೨೯ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂ ಮುಡಿಸುವ ನಾಡು ನಮ್ಮದು. ಮನೆಮನೆಯಲ್ಲಿ ಕೋವಿಯಿದ್ದೂ ನಮ್ಮಲ್ಲೊಬ್ಬ ಗಬ್ಬರ್ ಹುಟ್ಟಲಿಲ್ಲವೆಂಬುದನ್ನು ಅಮೆರಿಕದ ಚಿತ್ರಕಾರರು ಬಂದು ನೋಡಬೇಕು.

ಮೋಗ್ಲಿಂಗ್ ೧೮೫೫ರಲ್ಲಿಯೂ ರಿಕ್ಟರ್ ೧೮೭೦ರಲ್ಲಿಯೂ ಕೊಡಗಿನ ಬಗೆಗೆ ಬರೆದ ಪುಸ್ತಕಗಳು ಬಹುಕಾಲ ಪ್ರಮಾಣಗ್ರಂಥಗಳಾಗಿದ್ದುವು. ಅನಂತರದ ಪರಿಷ್ಕರಣವನ್ನು ಮೊದಲು ಕೈಗೊಂಡವರಲ್ಲಿ ಕಾದಂಬರಿಕಾರರೂ ಇದ್ದಾರೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (೧೯೫೬) ರಾಜನ ದೋಷವನ್ನು ಮುಚ್ಚದೆ, ಕಂಪನಿಯ ಹಂಚಿಕೆಯನ್ನೂ ಮರೆಸದೆ ಎರಡನ್ನೂ ಎದುರಿಗಿಟ್ಟಿತು. ನಿರಂಜನರು ‘ಕಲ್ಯಾಣಸ್ವಾಮಿ’, ‘ಸ್ವಾಮಿ ಅಪರಂಪಾರ’ ಬರೆದು ದಂಗೆಯವರ ಪಕ್ಷವನ್ನು ಎತ್ತಿದರು. ಈಗ ಮಡಿಕೇರಿಯಲ್ಲಿ ಅಪ್ಪಯ್ಯಗೌಡರ ಪ್ರತಿಮೆಯಿದೆ. ೨೦೨೨ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡರ ಪ್ರತಿಮೆ ಅನಾವರಣಗೊಂಡಿತು. ಕಾಟಕಾಯಿ ಹೋಗಿ ಸ್ವಾತಂತ್ರ್ಯ ಸಮರವಾಯಿತು.

ಇದು ಆಗಬೇಕಾದದ್ದೇ. ಆದರೂ ನನಗೊಂದು ಅಳುಕು. ಕಪ್ಪು ಟೋಪಿಯನ್ನು ಕಿತ್ತು ಬಿಳಿಯದನ್ನು ಇಟ್ಟುಬಿಟ್ಟರೆ ಮತ್ತೊಂದು ಹಳೆಯ ವೆಸ್ಟರ್ನ್ ಆದೀತೇ ಹೊರತು ಇತಿಹಾಸವಾಗದು. ಪುಟ್ಟಬಸಪ್ಪ ಕಲ್ಯಾಣಸ್ವಾಮಿಯ ಹೆಸರನ್ನು ತೊಟ್ಟುಕೊಂಡದ್ದು ನಿಜ. ಅವನ ಹಿಂದೆ ನಡೆದ ರೈತರ ಕಷ್ಟವೂ ನಿಜ. ಕಂಪನಿಯ ಕಡೆ ನಿಂತವರಿಗೂ, ಪದಕದ ಆಸೆಯಲ್ಲದೆ, ಕೊನೆಯ ರಾಜನ ಕಾಲದ ಕೊಲೆಗಳ ನೆನಪು ಇತ್ತು. ಆ ಪದಕಗಳೂ ಈ ಪ್ರತಿಮೆಗಳೂ ಅಕ್ಕಪಕ್ಕದಲ್ಲಿರುವ ಒಂದು ಕೊಠಡಿಯನ್ನು ನಾನು ಮಡಿಕೇರಿಯಲ್ಲಿ ಕಾಣಲು ಬಯಸುತ್ತೇನೆ. ‘ಶೋಲೇ’ಯ ವಿಷಯದಲ್ಲೂ ನನ್ನ ಮತ ಅದೇ. ಅಳುವ ಠಾಕೂರನು ಮರಳಿ ಬಂದದ್ದರಿಂದ ಚಿತ್ರದ ಘನತೆ ಹೆಚ್ಚಿತೆಂಬುದರಲ್ಲಿ ನನಗೆ ಸಂಶಯವಿಲ್ಲ: ಸೇಡು ತೀರಿದರೂ ಕೈ ಬರಲಿಲ್ಲ, ಮಕ್ಕಳು ಬರಲಿಲ್ಲ ಎಂಬ ಅರಿವು ಪೊಲೀಸರು ಬಂದ ಕೊನೆಯಲ್ಲಿ ಎಲ್ಲಿದೆ? ಆದರೆ ಒಂದು ತಲೆಮಾರು ನೋಡಿ ಬಾಯಿಪಾಠ ಮಾಡಿದ ಪಾಠವನ್ನು ಅಳಿಸಿಬಿಡುವುದೂ ಸಲ್ಲದು. ತುರ್ತುಪರಿಸ್ಥಿತಿ ಹೇಗಿತ್ತೆಂದು ಕೇಳುವ ಹುಡುಗರಿಗೆ ಆ ಎರಡು ಕೊನೆಗಳನ್ನು ಒಂದರ ಮೇಲೊಂದು ತೋರಿಸಿದರೆ ಅರ್ಧ ಪಾಠ ಮುಗಿದಂತೆ.

ಕನ್ನಡದ ಪಾಲಿಗೆ ಒಂದು ಸಂತೋಷದ ಸುದ್ದಿಯೂ ಇದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (೧೯೭೭) ಇದೇ ರೀತಿ ಜೀರ್ಣೋದ್ಧಾರಗೊಂಡು ೨೦೨೪ರಲ್ಲಿ ವೆನಿಸ್ಸಿನಲ್ಲಿ ಪ್ರದರ್ಶಿತವಾಯಿತು. ಉಳಿದ ಕಥೆ ಸಂತೋಷದ್ದಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ೧೯೩೪ರಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಇಲ್ಲ. ಕೊಡವ ಭಾಷೆಯ ಮೊದಲ ಚಿತ್ರ ‘ನಾಡ ಮಣ್ಣ್ ನಾಡ ಕೂಳ್’ ಬಂದದ್ದು ೧೯೭೨ರಲ್ಲಿ. ನಮ್ಮ ಮಳೆ, ನಮ್ಮ ಬೂಷ್ಟು ಫಿಲ್ಮಿನ ಸುರುಳಿಗೆ ಒಗ್ಗುವಂಥವಲ್ಲ. ಅಂಥ ಸುರುಳಿ ಕೆಡತೊಡಗಿದಾಗ ಮೊದಲು ವಿನಿಗರಿನ ವಾಸನೆ ಬರುತ್ತದೆ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ತಗಡಿನ ಡಬ್ಬಿಗಳಿದ್ದರೆ, ಅಡಕೆಯ ಮೂಟೆ ಸರಿಸಿ, ಮುಚ್ಚಳ ತೆಗೆದು ಒಮ್ಮೆ ಮೂಸಿ ನೋಡಬೇಕು. ಹುಳಿ ಮೂಗಿಗೆ ಬಡಿದರೆ ಮುಂದಿನ ಮಳೆಗಾಲದವರೆಗೆ ಕಾಯಬಾರದು.