ಕೂಟ ದಾಖಲೆಯ ಹಿಂದಿನ ಹೆಸರು: ಪ್ರಾದೇಶಿಕ ಕ್ರೀಡಾ ಇತಿಹಾಸ ಮತ್ತು ಕರ್ನಾಟಕದ ಮೇಲಾಟಗಳು

1920ರ ಆ್ಯಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿ 19ನೇ ಸ್ಥಾನ ಪಡೆದರು. ಅಂದಿನ ಹಾದಿ ಇಂದಿನ 42.195 ಕಿ.ಮೀ.ಗಿಂತ ಉದ್ದ, 42.75 ಕಿ.ಮೀ. ಇತ್ತು. ಗೆದ್ದ ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್‌ಗಿಂತ ಅವರು ಸುಮಾರು 18 ನಿಮಿಷ ಹಿಂದಿದ್ದರು. ಭಾರತ ಒಂದು ತಂಡವಾಗಿ ಒಲಿಂಪಿಕ್ಸ್‌ಗೆ ಹೋದದ್ದು ಆಗಲೇ ಮೊದಲು. ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು. ಈ ಪಯಣಕ್ಕೆ ಬೀಜ ಬಿದ್ದದ್ದು ಪುಣೆಯ ಡೆಕ್ಕನ್ ಜಿಮ್‌ಖಾನಾ ಕ್ರೀಡಾಕೂಟದಲ್ಲಿ. ಆ ಜಿಮ್‌ಖಾನಾದ ಅಧ್ಯಕ್ಷರಾಗಿದ್ದ ದೊರಾಬ್ಜಿ ಟಾಟಾ 1929ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಆ ಕೂಟವನ್ನು ನೆನೆದಿದ್ದಾರೆ. ತರಬೇತಿಯೂ ನಿಯಮಗಳ ಪರಿಚಯವೂ ಇಲ್ಲದ, ಬರಿಗಾಲಲ್ಲಿ ದೂರದ ಹಾದಿ ಓಡಿದ ರೈತಾಪಿ ಹುಡುಗರನ್ನು ಕಂಡು ಬೆರಗಾದದ್ದನ್ನು ಅವರು ಅಲ್ಲಿ ವಿವರಿಸುತ್ತಾರೆ. ಆದರೆ ಆ ಹುಡುಗರು ಅಲ್ಲಿ ಒಂದು ಗುಂಪಾಗಿ ಬರುತ್ತಾರೆಯೇ ಹೊರತು, ಊರು ಹೆಸರುಗಳಿರುವ ವ್ಯಕ್ತಿಗಳಾಗಿ ಅಲ್ಲ. ಒಲಿಂಪಿಕ್ ದಾಖಲೆ ಚೌಗುಲೆಯವರ ಸೆಕೆಂಡುಗಳನ್ನು ಉಳಿಸಿಕೊಂಡಿತು. ಅವರ ಜೊತೆ ಓಡಿ ಸೋತವರನ್ನೂ ಅವರನ್ನು ಅಲ್ಲಿಗೆ ಕಳಿಸಿದ ಊರ ಓಟಗಳನ್ನೂ ಉಳಿಸಿಕೊಳ್ಳುವುದು ಅದರ ಕೆಲಸವಾಗಿರಲಿಲ್ಲ. ಅದು ಪ್ರದೇಶದ ಕೆಲಸ.

ಪ್ರಾದೇಶಿಕ ಕ್ರೀಡಾ ಇತಿಹಾಸವನ್ನು ಕಾಪಾಡಬೇಕೆಂದರೆ ಸಾಮಾನ್ಯವಾಗಿ ನೆನಪಾಗುವುದು ಪದಕ, ಭಾವಚಿತ್ರ, ಹಳೆಯ ಸ್ಪೈಕ್ಸ್ ಇಟ್ಟ ಗಾಜಿನ ಕಪಾಟು. ಅದು ಬೇಡವೆನ್ನುವುದಿಲ್ಲ. ಆದರೆ ಎಳೆಯರನ್ನು ಮೈದಾನಕ್ಕೆ ತರುವ ಶಕ್ತಿ ಇರುವುದು ಕಪಾಟಿಗಿಂತ ಹೆಚ್ಚಾಗಿ ಫಲಿತಾಂಶದ ಹಾಳೆಯಲ್ಲಿ ಎಂಬುದು ನನ್ನ ವಾದ. ಮೇಲಾಟಗಳಿಗೆ ಬೇರೆ ಆಟಗಳಲ್ಲಿ ಅಷ್ಟಾಗಿ ಕಾಣದ ಒಂದು ಗುಣವಿದೆ. ಕಬಡ್ಡಿಯಲ್ಲೋ ಫುಟ್‌ಬಾಲಿನಲ್ಲೋ ಇಂದಿನ ತಂಡ 30 ವರ್ಷ ಹಿಂದಿನ ತಂಡದೊಡನೆ ಆಡಲಾಗದು. ಓಟ, ಜಿಗಿತ, ಎಸೆತಗಳಲ್ಲಿ ಅದು ಸಾಧ್ಯ. ಪತ್ರಿಕೆಗಳು ‘ನೂತನ ಕೂಟ ದಾಖಲೆ’ ಎಂದು ಬರೆಯುವಾಗ ಹೇಳುತ್ತಿರುವುದು ಇದನ್ನೇ: ಇವತ್ತು ಓಡಿದ ಹುಡುಗಿ ತನ್ನ ಪಕ್ಕದ ಲೇನಿನವರನ್ನಷ್ಟೇ ಅಲ್ಲದೆ, ಎಂದೋ ಅದೇ ಕೂಟದಲ್ಲಿ ಓಡಿದ ಮತ್ತೊಬ್ಬಳನ್ನೂ ಸೋಲಿಸಿದ್ದಾಳೆ. ಹಾಗಾಗಿ ಮೇಲಾಟಗಳಲ್ಲಿ ಇತಿಹಾಸವು ಆಟದ ಒಳಗೇ ಇರುವ ಸ್ಪರ್ಧಿ. ತಾಲ್ಲೂಕು ಕೂಟದ ಹಳೆಯ ಹಾಳೆ ರದ್ದಿಗೆ ಹೋದಾಗ ನಾವು ಆ ಸ್ಪರ್ಧಿಯನ್ನೇ ಟ್ರ್ಯಾಕಿನಿಂದ ಹೊರಗೆ ಕಳಿಸಿದಂತಾಗುತ್ತದೆ.

ಸ್ಫೂರ್ತಿಯ ಮಾತು ಸುಲಭ, ಪುರಾವೆ ಕಷ್ಟ ಎಂಬ ಆಕ್ಷೇಪವನ್ನು ಇಲ್ಲಿಯೇ ಎದುರಿಸಬೇಕು. 2012ರ ಲಂಡನ್ ಒಲಿಂಪಿಕ್ಸ್ ಒಂದು ಪೀಳಿಗೆಗೇ ಸ್ಫೂರ್ತಿ ತುಂಬುವುದನ್ನು ತನ್ನ ಧ್ಯೇಯವಾಕ್ಯವಾಗಿಸಿಕೊಂಡಿತ್ತು. ಅಂಥ ಮಹಾಕೂಟಗಳಿಂದ ಜನರ ಕ್ರೀಡಾ ಪಾಲ್ಗೊಳ್ಳುವಿಕೆ ಹೆಚ್ಚುತ್ತದೆಯೇ ಎಂದು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ಲೇಖನವೊಂದು 2013ರಲ್ಲಿ ‘ಬಿಎಂಜೆ ಓಪನ್’ ನಿಯತಕಾಲಿಕದಲ್ಲಿ ಬಂತು. ಹೆಚ್ಚುತ್ತದೆ ಎನ್ನಲು ಆಧಾರ ಸಿಗಲಿಲ್ಲವೆಂಬುದೇ ಅದರ ನಿರ್ಣಯ. ಇದನ್ನು ತಳ್ಳಿಹಾಕುವ ಅಗತ್ಯ ನನಗೆ ಕಾಣುವುದಿಲ್ಲ. ಇದು ನನ್ನ ವಾದಕ್ಕೆ ಬಲವನ್ನೇ ಕೊಡುತ್ತದೆ. 1997ರಲ್ಲಿ ಮನಶ್ಶಾಸ್ತ್ರಜ್ಞರಾದ ಪೆನೆಲೊಪಿ ಲಾಕ್‌ವುಡ್ ಮತ್ತು ಝೀವಾ ಕುಂದಾ ಪ್ರಕಟಿಸಿದ ಪ್ರಯೋಗದಲ್ಲಿ ಅಕೌಂಟೆನ್ಸಿ ಓದುವ ವಿದ್ಯಾರ್ಥಿಗಳಿಗೆ ಅದೇ ವಿಷಯದಲ್ಲಿ ಅಪ್ರತಿಮ ಸಾಧನೆ ಮಾಡಿದ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬರ ಕಥೆಯನ್ನು ಓದಲು ಕೊಡಲಾಗಿತ್ತು. ಮೊದಲ ವರ್ಷದವರಿಗೆ ಅದು ಹುರುಪು ತುಂಬಿತು, ಏಕೆಂದರೆ ಅಷ್ಟು ಎತ್ತರಕ್ಕೆ ಏರಲು ಅವರಿಗೆ ಇನ್ನೂ ಕಾಲವಿತ್ತು. ಕಾಲ ಮೀರಿದ್ದ ಅಂತಿಮ ವರ್ಷದವರಲ್ಲಿ ಆ ಹುರುಪು ಕಾಣಲಿಲ್ಲ. ಸಾಧಕರ ದೊಡ್ಡತನಕ್ಕಿಂತ ‘ಇದು ನನ್ನಿಂದಲೂ ಆದೀತು’ ಎಂಬ ಅಳತೆಯೇ ಕೆಲಸ ಮಾಡುತ್ತದೆ ಎಂದಾಯಿತು. ಟಿ.ವಿ. ಪರದೆಯ ಉಸೇನ್ ಬೋಲ್ಟ್ ಆ ಅಳತೆಗೆ ಸಿಗುವವರಲ್ಲ. ತನ್ನದೇ ಶಾಲೆಯಲ್ಲಿ, ತನ್ನದೇ ವಯಸ್ಸಿನಲ್ಲಿ, ಅದೇ ಸುಣ್ಣದ ಗೆರೆಗಳ ನಡುವೆ 400 ಮೀಟರ್ ಓಡಿ ತಾಲ್ಲೂಕಿಗೆ ಮೂರನೆಯವಳಾಗಿ ಬಂದವಳು ಸಿಗುತ್ತಾಳೆ. ಆದರೆ ಅವಳ ಹೆಸರು ನಮ್ಮ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ನೆನಪು ಪಾಲ್ಗೊಳ್ಳುವಿಕೆಯಾಗಿ ಬದಲಾಗುವ ಬಗೆಯನ್ನು ನೋಡಲು ಕರ್ನಾಟಕದಲ್ಲಿ ಕೊಡಗಿಗಿಂತ ಒಳ್ಳೆಯ ನಿದರ್ಶನವಿಲ್ಲ. ಪಾಂಡಂಡ ಕುಟ್ಟಪ್ಪನವರ ಮುಂದಾಳತ್ವದಲ್ಲಿ 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ ಮೊದಲ ವರ್ಷ ಬಂದದ್ದು 60 ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಉತ್ಸವದಲ್ಲಿ 360 ತಂಡಗಳು ಆಡಿದವು, ಅದು ಗಿನ್ನೆಸ್ ದಾಖಲೆಗೂ ಸೇರಿತು. ಇಲ್ಲಿ ತಂಡವೆಂದರೆ ಒಕ್ಕ, ಅಂದರೆ ಒಂದೇ ಮನೆತನದ ಹೆಸರು ಹೊತ್ತವರು. ಪ್ರತಿವರ್ಷ ಬೇರೊಂದು ಒಕ್ಕ ಆತಿಥ್ಯ ವಹಿಸುತ್ತದೆ, ಆ ವರ್ಷದ ಉತ್ಸವಕ್ಕೆ ಅದರದೇ ಹೆಸರು. ಹೀಗಾಗಿ ಉತ್ಸವಗಳ ಸಾಲನ್ನು ಕ್ರಮವಾಗಿ ಹೇಳಿದರೆ ಸಾಕು, ಒಂದು ಸಮುದಾಯದ ಕ್ರೀಡಾಚರಿತ್ರೆಯನ್ನು ಓದಿದಂತೆಯೇ. ಹೊರ ಊರುಗಳಲ್ಲಿ ಕೆಲಸದಲ್ಲಿರುವವರು ರಜೆ ಹಾಕಿ ಬರುತ್ತಾರೆ, ಹೆಂಗಸರು ಗಂಡಸರೊಡನೆ ಒಂದೇ ತಂಡದಲ್ಲಿ ಆಡುತ್ತಾರೆ, ಅಜ್ಜನೂ ಮೊಮ್ಮಗನೂ ಒಟ್ಟಿಗೆ ಸ್ಟಿಕ್ ಹಿಡಿದು ನಿಂತಿರುತ್ತಾರೆ.

ಇದು ಇತಿಹಾಸದ ಪ್ರಭಾವವಲ್ಲ, ಕೊಡಗಿನಲ್ಲಿ ಹಾಕಿ ಮೊದಲಿಂದಲೂ ಇತ್ತು, ಸೇನೆಯ ನಂಟಿತ್ತು, ಶಾಲೆಗಳಲ್ಲಿ ಮೈದಾನಗಳಿದ್ದವು ಎಂದು ಯಾರಾದರೂ ಹೇಳಬಹುದು. ಮಾತು ನಿಜ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದ ಎಂ.ಪಿ. ಗಣೇಶ್, 1980ರ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ ಈ ಉತ್ಸವ ಹುಟ್ಟುವ ಎಷ್ಟೋ ಮೊದಲೇ ಬಂದವರು. ಆದರೆ ಈ ಆಕ್ಷೇಪವೇ ವಿಷಯವನ್ನು ತಿಳಿಯಾಗಿಸುತ್ತದೆ. ಉತ್ಕೃಷ್ಟ ಆಟಗಾರರನ್ನು ಉತ್ಸವ ಸೃಷ್ಟಿಸಿತೆಂದು ಹೇಳಬೇಕಾಗಿಲ್ಲ. ಅವರಿಗೆ ತರಬೇತುದಾರರು, ರಾಷ್ಟ್ರೀಯ ಶಿಬಿರಗಳು, ಟರ್ಫ್ ಮೈದಾನಗಳು ಬೇಕು. ಉತ್ಸವ ಸೃಷ್ಟಿಸಿದ್ದು ಆಡುವವರ ಹರಹನ್ನು. 60ರಿಂದ 360ಕ್ಕೆ ಏರಿದ್ದು ರಾಷ್ಟ್ರೀಯ ಆಟಗಾರರ ಸಂಖ್ಯೆಯಲ್ಲ, ತಮ್ಮ ಹೆಸರೂ ಆ ಪಟ್ಟಿಯಲ್ಲಿ ಇರಬೇಕೆಂದು ಬಯಸಿದ ಮನೆತನಗಳ ಸಂಖ್ಯೆ. ಪದಕ ಮತ್ತು ಪಾಲ್ಗೊಳ್ಳುವಿಕೆ ಎರಡೂ ಒಂದೇ ಎಂದು ಭಾವಿಸಿ ಬರೆದ ಕ್ರೀಡಾ ಇತಿಹಾಸಗಳು ಎಡವುವುದು ಇಲ್ಲಿಯೇ.

ಕರಾವಳಿಯ ಕೋಣಗಳ ಓಟವಾದ ಕಂಬಳ ಇದರ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು 100 ಮೀಟರಿಗೆ ಲೆಕ್ಕ ಹಾಕಿ 9.55 ಸೆಕೆಂಡ್ ಎಂದರು. ಬೋಲ್ಟ್ ಅವರ 9.58ರ ಪಕ್ಕ ಅದನ್ನಿಟ್ಟು ದೇಶವೆಲ್ಲ ಮಾತಾಡಿತು, ಕ್ರೀಡಾ ಪ್ರಾಧಿಕಾರ ಪರೀಕ್ಷಾ ಓಟಕ್ಕೆ ಕರೆಯಿತು. ಕೋಣಗಳ ಹಗ್ಗ ಹಿಡಿದವನನ್ನು ಕೋಣಗಳೂ ಎಳೆಯುತ್ತವೆ. ಕೆಸರಿನಲ್ಲಿ ಹಿಮ್ಮಡಿಯೂರಿ ಓಡುವುದಕ್ಕೂ ಟ್ರ್ಯಾಕಿನಲ್ಲಿ ತುದಿಗಾಲಲ್ಲಿ ಓಡುವುದಕ್ಕೂ ಹೋಲಿಕೆಯಿಲ್ಲ. ಗೌಡರೇ ಇದನ್ನು ವಿವೇಕದಿಂದ ಹೇಳಿದರು. ಆದರೆ ಆ ಗದ್ದಲ ಯಾಕೆ ಸಾಧ್ಯವಾಯಿತು? ಕಂಬಳದ ಓಟಗಾರರನ್ನು ಕಂಬಳದ ಒಳಗೇ ಇಟ್ಟು ಹೋಲಿಸಬಲ್ಲ ದೀರ್ಘ ದಾಖಲೆ ಹೊರಗಿನವರ ಕೈಯಲ್ಲಿ ಇರಲಿಲ್ಲ. ಅದು ಇದ್ದಿದ್ದರೆ ಪ್ರಶ್ನೆ ‘ಬೋಲ್ಟ್‌ಗಿಂತ ವೇಗವೇ?’ ಎಂದಾಗದೆ, ‘ಇದೇ ಐಕಳದ ಕರೆಯಲ್ಲಿ, ಇದೇ ವಿಭಾಗದಲ್ಲಿ, ಹಿಂದೆ ಯಾರು ಎಷ್ಟರಲ್ಲಿ ಗುರಿಯಾದ ಮಂಜೊಟ್ಟಿ ತಲುಪಿದ್ದರು?’ ಎಂದಾಗುತ್ತಿತ್ತು. ಪತ್ರಿಕೆಗಳಲ್ಲಿ ಬರುವ ಕಂಬಳದ ಫಲಿತಾಂಶ ನೋಡಿ: ಮೊದಲು ಕೋಣಗಳ ಯಜಮಾನರ ಮನೆತನ ಮತ್ತು ಹೆಸರು, ಆಮೇಲೆ ‘ಓಡಿಸಿದವರು’ ಎಂದು ಓಟಗಾರರ ಹೆಸರು, ಕನೆಹಲಗೆ ವಿಭಾಗವಾದರೆ ‘ಹಲಗೆ ಮೆಟ್ಟಿದವರು’. ಕ್ರಮವೇ ಅಧಿಕಾರದ ಇತಿಹಾಸ ಹೇಳುತ್ತದೆ. ಯಾರ ಗದ್ದೆ, ಯಾರ ಕೋಣ, ಯಾರ ಕಾಲು ಎಂಬ ಪ್ರಶ್ನೆಗಳನ್ನು ಮುಚ್ಚಿಟ್ಟು ಬರೆದ ಇತಿಹಾಸ ಓಡುವವರ ಮಕ್ಕಳಿಗೆ ಏನನ್ನೂ ಕೊಡಲಾರದು. ಈಗ ಲೇಸರ್ ಕಿರಣದ ಗೆರೆಯೂ ಸೆಕೆಂಡಿನ ನೂರನೇ ಭಾಗದ ಲೆಕ್ಕವೂ ಬಂದಿವೆ. ಈ ಅಂಕಿಗಳನ್ನು ಓಟಗಾರರ ಹೆಸರಿಗೆ ಜೋಡಿಸಿ ವರ್ಷದಿಂದ ವರ್ಷಕ್ಕೆ ಕೂಡಿಡುವ ಕೆಲಸ ಹಳೆಯ ಚಿತ್ರಗಳ ಪ್ರದರ್ಶನಕ್ಕಿಂತ ಮುಖ್ಯ.

ಕರ್ನಾಟಕದ ಮಟ್ಟಿಗೆ ಇನ್ನೊಂದು ತೊಡಕಿದೆ. 1956ಕ್ಕೆ ಮೊದಲು ಇಂದಿನ ರಾಜ್ಯದ ಓಟಗಾರರು ಬೇರೆ ಬೇರೆ ಆಡಳಿತಗಳ ಪ್ರಜೆಗಳಾಗಿದ್ದರು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿ; ದಕ್ಷಿಣ ಕನ್ನಡ ಮದರಾಸಿನಲ್ಲಿ; ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದಿನಲ್ಲಿ; ಕೊಡಗು ಪ್ರತ್ಯೇಕ; ಉಳಿದದ್ದು ಬಹುಪಾಲು ಮೈಸೂರು. ಇವರ ಕಾಗದಪತ್ರಗಳು ಕೂಡ ಹಾಗೆಯೇ ಹಂಚಿಹೋದವು. ಕೆಜಿಎಫ್‌ನಲ್ಲಿ 1940ರಲ್ಲಿ ಹುಟ್ಟಿ, 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿ, 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ರಿಲೇಯಲ್ಲಿ ಕಂಚು ಗೆದ್ದ ಕೆನೆತ್ ಪೊವೆಲ್ ಅವರಂಥವರ ಬದುಕನ್ನು ಬರೆಯಬೇಕಾದರೆ ಕ್ರೀಡಾ ಇಲಾಖೆಯ ಕಡತ ಸಾಲದು. 2001ರಲ್ಲಿ ಮುಚ್ಚಿದ ಗಣಿಯ ಊರಿನ ಶಾಲೆ, ಚರ್ಚು, ಕ್ಲಬ್ಬುಗಳಿಗೂ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಗೃಹಪತ್ರಿಕೆಗಳಿಗೂ ಹೋಗಬೇಕು. ಜನಪದ ಆಟಗಳನ್ನು ಜಾನಪದ ವಿದ್ವಾಂಸರು ಪ್ರೀತಿಯಿಂದ ಸಂಗ್ರಹಿಸಿದರು, ಅಂತರರಾಷ್ಟ್ರೀಯ ಗೆಲುವುಗಳನ್ನು ಪತ್ರಕರ್ತರು ಬರೆದರು. ಇವೆರಡರ ನಡುವೆ ಬಿದ್ದ ಹೋಬಳಿ, ತಾಲ್ಲೂಕು ಮೇಲಾಟಗಳಿಗೆ ಮಾತ್ರ ವಾರಸುದಾರರೇ ಇಲ್ಲವಾದರು.

ಅತಿ ಗಟ್ಟಿಯಾದ ಆಕ್ಷೇಪ ಹಣದ್ದು. ಎಷ್ಟೋ ಸರ್ಕಾರಿ ಶಾಲೆಗಳಿಗೆ ಸರಿಯಾದ ಮೈದಾನವಿಲ್ಲ, ದೈಹಿಕ ಶಿಕ್ಷಕರಿಲ್ಲ. ಅಂಥಲ್ಲಿ ಇತಿಹಾಸಕ್ಕೆ ಖರ್ಚು ಮಾಡುವುದು ಎಷ್ಟು ಸರಿ? ಮೈದಾನವೋ ದಾಖಲೆಯೋ ಎಂದು ಒಂದನ್ನೇ ಆರಿಸಬೇಕಾಗಿ ಬಂದರೆ ನಾನು ಮೈದಾನವನ್ನೇ ಆರಿಸುತ್ತೇನೆ, ಅನುಮಾನವಿಲ್ಲದೆ. ಓಡಲು ಜಾಗವಿಲ್ಲದ ಮಗುವಿಗೆ ಅಜ್ಜಿ ಓಡಿದ ಕಥೆ ಹೇಳುವುದು ಕ್ರೌರ್ಯ. ಆದರೆ ಇಂಥ ಆಯ್ಕೆ ಎದುರಾಗುವುದು ಕೋಟಿಗಟ್ಟಲೆಯ ವಸ್ತುಸಂಗ್ರಹಾಲಯ ಕಟ್ಟಹೊರಟಾಗ ಮಾತ್ರ. ಪ್ರತಿವರ್ಷ ಹೋಬಳಿ ಕೂಟದ ಫಲಿತಾಂಶ ಹೇಗಿದ್ದರೂ ಬರೆಯಲ್ಪಡುತ್ತದೆ. ಅದನ್ನು ಎಸೆಯದಿರಲು ಬೇಕಾದದ್ದು ಒಂದು ದಪ್ಪ ವಹಿ ಮತ್ತು ಮುಂದಿನ ವರ್ಷದ ಮೇಷ್ಟ್ರಿಗೆ ಅದನ್ನು ಒಪ್ಪಿಸುವ ರೂಢಿ. ಇನ್ನೂ ಮುಖ್ಯವಾದ ಮಾತೆಂದರೆ, ಮೈದಾನ ಉಳಿಸುವ ಹೋರಾಟಕ್ಕೇ ಇತಿಹಾಸ ಬೇಕಾಗುತ್ತದೆ. ಒಂದು ಬಯಲಿನಲ್ಲಿ ನಲವತ್ತು ವರ್ಷ ಕ್ರೀಡಾಕೂಟ ನಡೆದಿದೆ ಎಂದು ತೋರಿಸಬಲ್ಲ ಊರಿಗೆ, ಅದನ್ನು ನಿವೇಶನ ಮಾಡಬೇಡಿ ಎಂದು ಕೇಳುವ ಬಲ ಬೇರೆಯೇ ಇರುತ್ತದೆ.

ಪ್ರಾದೇಶಿಕ ಇತಿಹಾಸ ಪ್ರಾದೇಶಿಕ ಜಂಬವಾಗುತ್ತದೆ ಎಂಬ ಭಯವೂ ಹುಸಿಯಲ್ಲ. ಚೌಗುಲೆಯವರನ್ನು ಕರ್ನಾಟಕದವರು, ಮಹಾರಾಷ್ಟ್ರದವರು ಇಬ್ಬರೂ ತಮ್ಮವರೆನ್ನಬಹುದು. ಬೆಳಗಾವಿಯಲ್ಲಿ ಇಂಥ ಮಾತು ಬೇಗ ಬಿಸಿಯಾಗುತ್ತದೆ. ಅವರು ಓಡಿದಾಗ ಈ ಗಡಿಯೇ ಇರಲಿಲ್ಲ ಎಂಬುದನ್ನು ಸರಿಯಾದ ಇತಿಹಾಸವೇ ನೆನಪಿಸಬಲ್ಲದು. ಕೊಡಗಿನ ಮಾದರಿಯಲ್ಲೂ ಇಂಥದೇ ಮಿತಿಯಿದೆ: ಒಕ್ಕದ ಹೆಸರಿಲ್ಲದವರಿಗೆ ಆ ಉತ್ಸವದಲ್ಲಿ ತಂಡವಿಲ್ಲ. ಜಿಲ್ಲೆಯ ಅರೆಭಾಷೆ ಗೌಡರು ತಮ್ಮದೇ ಕೌಟುಂಬಿಕ ಕ್ರಿಕೆಟ್ ಕೂಟ ಕಟ್ಟಿಕೊಂಡರು. ಕಾಫಿ ತೋಟದ ಲೈನುಗಳಲ್ಲಿ ಬೆಳೆದ ಮಕ್ಕಳಿಗೆ ಅದೂ ಇಲ್ಲ. ಮೇಲಾಟಗಳ ದಾಖಲೆಯನ್ನು ಮನೆತನದ ಬದಲು ಶಾಲೆಗೆ ಕಟ್ಟಬೇಕೆಂದು ನಾನು ಹೇಳುವುದು ಇದಕ್ಕೇ. ಹಾಜರಿ ಪುಸ್ತಕದಲ್ಲಿ ಹೆಸರಿರುವ ಯಾವ ಮಗುವೂ ಶಾಲೆಯ ದಾಖಲೆಗೆ ವಾರಸುದಾರನೇ.

ಕೊನೆಯದಾಗಿ, ದಾಖಲೆ ಹೇಗಿರಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ಬರಿಯ ‘ಪ್ರಥಮ, ದ್ವಿತೀಯ, ತೃತೀಯ’ ಎಂದು ಬರೆದರೆ ಹೋಲಿಕೆ ಅಸಾಧ್ಯ. ಸಮಯ ಬೇಕು, ಅದನ್ನು ಸ್ಟಾಪ್‌ವಾಚಿನಲ್ಲಿ ಕೈಯಿಂದ ಹಿಡಿದದ್ದೋ ವಿದ್ಯುನ್ಮಾನ ಯಂತ್ರದಲ್ಲೋ ಎಂಬುದೂ ಬೇಕು, ಏಕೆಂದರೆ 100 ಮೀಟರಿನಲ್ಲಿ ಕೈಯಿಂದ ಹಿಡಿದ ಸಮಯವನ್ನು ಯಂತ್ರದ್ದಕ್ಕೆ ಹೋಲಿಸುವಾಗ 0.24 ಸೆಕೆಂಡ್ ಕೂಡಿಸುವುದು ವಾಡಿಕೆ. ಮಣ್ಣೋ, ಹುಲ್ಲೋ, ಸಿಂಥೆಟಿಕ್ಕೋ, ಬರಿಗಾಲೋ ಎಂಬುದನ್ನು ಬರೆಯಬೇಕು. ಅಂತಿಮ ಓಟದವರಷ್ಟೇ ಅಲ್ಲ, ಹೀಟ್ಸ್‌ನಲ್ಲಿ ಓಡಿದ ಎಲ್ಲರ ಹೆಸರೂ ಇರಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮದುವೆಯಾದ ಮೇಲೆ ಹೆಸರೂ ಊರೂ ಬದಲಾಗಿ ದಾಖಲೆಯ ಕೊಂಡಿ ಕಳಚುತ್ತದೆ. ನೆರೆಯ ಕೇರಳದ ಶೈನಿ ಅಬ್ರಹಾಂ ಮತ್ತು ಶೈನಿ ವಿಲ್ಸನ್ ಒಬ್ಬರೇ, ಮರ್ಸಿ ಮ್ಯಾಥ್ಯೂ ಮತ್ತು ಮರ್ಸಿ ಕುಟ್ಟನ್ ಒಬ್ಬರೇ ಎಂದು ನಮಗೆ ಗೊತ್ತಿರುವುದು ಅವರು ಅಷ್ಟು ದೊಡ್ಡ ಓಟಗಾರ್ತಿಯರಾದ್ದರಿಂದ. ತಾಲ್ಲೂಕಿನಲ್ಲಿ ಗೆದ್ದು ಹದಿನೆಂಟಕ್ಕೆ ಮದುವೆಯಾಗಿ ಹೋದವಳನ್ನು ಹುಡುಕಲು ಹಾಳೆಯ ಮೇಲೆ ಅವಳ ಹುಟ್ಟಿದ ವರ್ಷ, ಓದಿದ ಶಾಲೆ, ತಂದೆತಾಯಿಯ ಹೆಸರು ಇರಬೇಕು. ಅವಳ ಮಗಳು ಇಂದು ಇನ್ನೊಂದು ತಾಲ್ಲೂಕಿನ ಶಾಲೆಯಲ್ಲಿ ಏಳನೇ ತರಗತಿಯಲ್ಲಿ ಇರಬಹುದು. ಅಮ್ಮ 800 ಮೀಟರನ್ನು ಎಷ್ಟು ನಿಮಿಷದಲ್ಲಿ ಓಡಿದ್ದಳೆಂದು ಅವಳು ಕೇಳಿದರೆ ಉತ್ತರ ತೆಗೆದುಕೊಡುವ ಹೊಣೆ ಆ ಹಳೆಯ ಶಾಲೆಯದು.