4294967297 (ಸಂಖ್ಯೆ)
4,29,49,67,297 ಎಂಬುದು 2ರ 32ನೆಯ ಘಾತಕ್ಕೆ 1 ಕೂಡಿಸಿದಾಗ ದೊರೆಯುವ ಬೆಸ ಸಂಖ್ಯೆ. ಫರ್ಮಾ ಸಂಖ್ಯೆಗಳ ಸಾಲಿನಲ್ಲಿ ಇದು 3, 5, 17, 257, 65537ರ ನಂತರ ಬರುತ್ತದೆ. ಒಂದು ಸಂಖ್ಯೆಯಿಂದ 1 ಕಳೆದು, ವರ್ಗ ಮಾಡಿ, 1 ಕೂಡಿಸಿದರೆ ಮುಂದಿನದು ಸಿಗುತ್ತದೆ. ಆ ಐದೂ ಅವಿಭಾಜ್ಯವಾಗಿರುವುದನ್ನು ಕಂಡ ಫ್ರೆಂಚ್ ಗಣಿತಜ್ಞ ಪಿಯೆರ್ ದ ಫರ್ಮಾ, ಸಾಲಿನ ಎಲ್ಲ ಸಂಖ್ಯೆಗಳೂ ಹಾಗೆಯೇ ಇರಬೇಕೆಂದು 1640ರಲ್ಲಿ ಊಹಿಸಿದರು. 1732ರಲ್ಲಿ ಲಿಯೊನ್‌ಹಾರ್ಡ್ ಆಯ್ಲರ್ ಇದನ್ನು 641 × 6700417 ಎಂದು ಒಡೆದು ತೋರಿಸಿದಾಗ ಆ ಊಹೆ ಬಿದ್ದುಹೋಯಿತು.

ಇದರ ಯಾವ ಅವಿಭಾಜ್ಯ ಅಪವರ್ತನವನ್ನಾದರೂ 64ರಿಂದ ಭಾಗಿಸಿದರೆ 1 ಶೇಷ ಉಳಿಯಲೇಬೇಕೆಂದು ಆಯ್ಲರ್ ಮುಂದೆ ಸಾಧಿಸಿದರು. ಈ ನಿಯಮಕ್ಕೆ ಒಳಪಡುವ ಅವಿಭಾಜ್ಯಗಳು 193, 257, 449, 577, ಐದನೆಯದೇ 641. ಇಷ್ಟು ಸಮೀಪದ ಭಾಜಕವು ಫರ್ಮಾ ಅವರಂಥವರ ಕಣ್ಣಿಗೆ ಬೀಳದೆ ಹೋದುದು ಆಶ್ಚರ್ಯವೇ ಸರಿ. 65537ರಿಂದಾಚೆಗೆ ಒಂದೇ ಒಂದು ಅವಿಭಾಜ್ಯ ಫರ್ಮಾ ಸಂಖ್ಯೆಯೂ ಇದುವರೆಗೆ ದೊರೆತಿಲ್ಲ.