ನಾಲ್ಕು, ಎಲ್, ಕೆ: ಕನ್ನಡದ ಕಾಗದ ಕಸದಂತೆ ಕಂಡ ಕಥೆ

ಇವತ್ತು ಮೊದಲಿಗೆ ಒಂದು ತಪ್ಪೊಪ್ಪಿಗೆ.

2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ಸರ್ಕಾರ ತೀರ್ಮಾನಿಸಿದಾಗ, ಇಮೇಲ್‌ನಲ್ಲಿ ನಿಮ್ಮ ಅಭಿಪ್ರಾಯ ಕೇಳಿದ್ದೆ. ಆಮೇಲೆ ಸಂಚಿಕೆಯಲ್ಲಿ, "ಬರೆದವರೆಲ್ಲ ಇಂಗ್ಲಿಷಲ್ಲೇ ಬರೆದಿದ್ದಾರೆ, ಕನಕಪುರ, ಮಾಗಡಿ ಕಡೆ ಹಳ್ಳಿಯವರು ಬರೆದೇ ಇಲ್ಲ" ಅಂದುಬಿಟ್ಟೆ. ಮಾರನೇ ದಿನ ಚನ್ನಪಟ್ಟಣದ ಕೇಳುಗರೊಬ್ಬರ ವಾಟ್ಸಾಪ್ ಬಂತು: "ಅಣ್ಣ, ಮೂರು ಸಲ ಕನ್ನಡದಲ್ಲೇ ಬರೆದೆ. ನಾವು ಲೆಕ್ಕಕ್ಕಿಲ್ವಾ?"

ಹುಡುಕಿ ನೋಡಿದೆ. ಕಾಗದಗಳು ಇದ್ದವು. ನಾನೇ ಕಸ ಅಂತ ಬದಿಗೆ ತಳ್ಳಿದ್ದೆ.

ಓದಿದ್ದು ಬಿ.ಕಾಂ. ಪಿಎಚ್‌ಪಿ ಅಷ್ಟಿಷ್ಟು ಕಲಿತು, ಬಂದ ಮೇಲ್‌ಗಳ ವಿಷಯದ ಸಾಲನ್ನು ಪಟ್ಟಿ ಮಾಡೋ ಪುಟ ಬರೆದಿದ್ದೆ. ಅದರಲ್ಲಿ ಕೆಲವು ಸಾಲು ಸಮ ಚಿಹ್ನೆ, ಪ್ರಶ್ನಾರ್ಥಕ, ಯುಟಿಎಫ್-8, ಆಮೇಲೆ ಗೋಜಲು ಗೋಜಲು ಇಂಗ್ಲಿಷ್ ಅಕ್ಷರ. ವೈರಸ್ ಇರಬೇಕು ಅಂದುಕೊಂಡೆ.

ಇದರ ಬೇರು 1982ರಲ್ಲಿದೆ. ಆ ವರ್ಷದ ಆರ್‌ಎಫ್‌ಸಿ 822 ಅನ್ನೋ ನಿಯಮದ ಪ್ರಕಾರ ಇಮೇಲ್ ಹೆಡರ್‌ನಲ್ಲಿ, ಅಂದ್ರೆ ಹೆಸರು, ವಿಷಯ ಇರೋ ಮೇಲ್ಭಾಗದಲ್ಲಿ, ಆಸ್ಕಿಯ 128 ಸಂಕೇತಗಳಿಗೆ ಮಾತ್ರ ಜಾಗ. ಇಂಗ್ಲಿಷಿಗೆ ಸಾಕು, ಕನ್ನಡಕ್ಕೆ ಬಾಗಿಲೇ ಇಲ್ಲ. 1992ರಲ್ಲಿ ಕೀತ್ ಮೂರ್ ಅನ್ನೋರು ಒಂದು ಉಪಾಯ ಬರೆದರು: ಬೇರೆ ಭಾಷೆಯ ಅಕ್ಷರಕ್ಕೆ ಆಸ್ಕಿ ವೇಷ ಹಾಕಿ ಕಳಿಸೋಣ, ಆ ಕಡೆಯವರು ವೇಷ ಕಳಚಲಿ. 1996ರಲ್ಲಿ ಅದು ಆರ್‌ಎಫ್‌ಸಿ 2047 ಆಯ್ತು. ಇವತ್ತಿಗೂ ನಡೀತಿರೋದು ಅದೇ.

ವೇಷ ಹೇಗಿರುತ್ತೆ ನೋಡಿ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಬೇಸ್64 ಪ್ರತಿ 3 ಬೈಟನ್ನ 4 ಚಿಹ್ನೆ ಮಾಡುತ್ತೆ. "ರಾಮನಗರ" ಅಂದ್ರೆ ಕಣ್ಣಿಗೆ 5 ಅಕ್ಷರ, ಆದ್ರೆ ದೀರ್ಘದ ಗುರುತು ಬೇರೆ ಸಂಕೇತ, ಹಾಗಾಗಿ 6. ಒಟ್ಟು 24 ಚಿಹ್ನೆ. ಮಜಾ ಏನಂದ್ರೆ, ಹೀಗೆ ಒಂದೇ ಪದವಾಗಿ ಬಂದ ಕನ್ನಡದ ಪ್ರತಿ ನಾಲ್ಕರ ಗುಂಪೂ "ನಾಲ್ಕು, ಎಲ್, ಕೆ" ಅಥವಾ "ನಾಲ್ಕು, ಎಲ್, ಓ" ಅಂತಲೇ ಶುರು. ಗೋಜಲು ಅಲ್ಲ ಅದು, ಕನ್ನಡದ ಗುರುತು. ನನಗೆ ಗೊತ್ತಿರಲಿಲ್ಲ, ಅಷ್ಟೇ.

ನಾನೇ ಬಿಡಿಸೋಕೆ ಹೋಗಿ ಇನ್ನೊಂದು ತಪ್ಪು ಮಾಡಿದೆ. ಒಂದು ತುಂಡು 75 ಚಿಹ್ನೆ ಮೀರುವಂತಿಲ್ಲ. ಹೊದಿಕೆಗೇ 12 ಹೋಗುತ್ತೆ. ಉಳಿದದ್ದರಲ್ಲಿ ಹಿಡಿಸೋದು ಕನ್ನಡದ 15 ಸಂಕೇತ. ಉದ್ದದ ಸಾಲು ತುಂಡಾಗಿಯೇ ಬರುತ್ತೆ. ತುಂಡುಗಳ ನಡುವಿನ ಖಾಲಿ ಜಾಗವನ್ನ ಬಿಟ್ಟುಬಿಡಬೇಕು ಅಂತ ನಿಯಮ. ನಾನು ಉಳಿಸಿದೆ. ಚನ್ನಪಟ್ಟಣ "ಚನ್ ನಪಟ್ಟಣ" ಆಯ್ತು.

ಪಿಎಚ್‌ಪಿಯಲ್ಲಿ ಇದಕ್ಕೆ 2004ರ 5ನೇ ಆವೃತ್ತಿಯಿಂದಲೇ "ಐಕಾನ್ವ್ ಮೈಮ್ ಡಿಕೋಡ್" ಅನ್ನೋ ಫಂಕ್ಷನ್ ಇದೆ. ಫಲಿತಾಂಶ ಯುಟಿಎಫ್-8ನಲ್ಲಿ ಬೇಕು ಅಂತ ಸ್ಪಷ್ಟವಾಗಿ ಹೇಳಿ. ಹಳೇ ಆವೃತ್ತಿಗಳು ಸುಮ್ಮನೆ ಬಿಟ್ಟರೆ ಪಶ್ಚಿಮ ಯುರೋಪಿನ ಅಕ್ಷರಪಟ್ಟಿಯನ್ನೇ ಹಿಡಿಯುತ್ತಿದ್ದವು. ಅದರಲ್ಲಿ ಕನ್ನಡ ಇಲ್ಲ. ಒಂದು ಎಚ್ಚರಿಕೆ: ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನ ಇದು ಸರಿಮಾಡಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದರು.

2012ರಲ್ಲಿ ಆರ್‌ಎಫ್‌ಸಿ 6532 ಹೆಡರ್‌ನಲ್ಲಿ ನೇರವಾಗಿ ಕನ್ನಡ ಬರೆಯಲು ಬಾಗಿಲು ತೆರೆಯಿತು. ಆದ್ರೆ ದಾರಿಯ ಸರ್ವರ್‌ಗಳೆಲ್ಲ ಒಪ್ಪಬೇಕಲ್ಲ, ಅದಕ್ಕೇ ವೇಷ ಇನ್ನೂ ಇದೆ.

ಒಂದೇ ಸಾಲಿನ ಕೋಡ್ ಹಾಕಿದ ಮೇಲೆ ಕಾಗದಗಳೆಲ್ಲ ತೆರೆದುಕೊಂಡವು. ಒಬ್ಬರು ಬರೆದಿದ್ದರು: ಬ್ಯಾರಿ ಕ್ಲೋಸ್ ಹೆಸರಲ್ಲಿ ಕ್ಲೋಸ್‌ಪೇಟೆ ಆಗಿದ್ದ ಊರು ರಾಮನಗರ ಆಯ್ತು, ಆಗಲೂ ನಮ್ಮನ್ನ ಕೇಳಿರಲಿಲ್ಲ, ನೀವಾದ್ರೂ ಕೇಳಿದ್ರಲ್ಲ ಅಂತ.

ಕೇಳಿದ್ದೆ. ಓದಿರಲಿಲ್ಲ. ಕ್ಷಮೆ ಇರಲಿ. ಮುಂದಿನ ವಾರ ಆ ಕಾಗದಗಳನ್ನೇ ಓದ್ತೀನಿ, ಬರೆದವರ ಮಾತಲ್ಲೇ.